ಗಾಯ ಮಾಯುವ ಕೋಟು

"ಈ ಹೊಸ ಕೋಟನ್ನ ಐವತ್ತು ವರ್ಷ ಹಳೇದು ಮಾಡಿ ನಿಮ್ಮ ಕೈಗೆ ಕೊಡದೇ ಹೋದ್ರೆ, ಇಗೋ, ಈ ಮೀಸೆ ತೆಗೆಸಿಬಿಡ್ತೀನಿ!"

ಹೀಗೆಂದು ಅಂಗಡಿಯ ಮೇಜು ಗುದ್ದಿದವರು ಶಿಕಾರಿರಾಯರು. ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ಹಿತ್ತಾಳೆಯ ದಿಕ್ಸೂಚಿ ನೆಗೆದು ಕೆಳಗೆ ಬಿತ್ತು. ಅಂದಿನಿಂದ ಅದನ್ನು ಹೇಗೆ ಹಿಡಿದರೂ ಮುಳ್ಳು ಮಹಡಿಯ ಮೆಟ್ಟಿಲ ಕಡೆಗೇ ತಿರುಗತೊಡಗಿತು. ರಾಯರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೀಸೆಯ ಮಾತು ಬಾಯಿಂದ ಬಂದಾಗ ಮನುಷ್ಯನಿಗೆ ದಿಕ್ಕು ದೆಸೆ ನೋಡಲು ಪುರಸೊತ್ತು ಎಲ್ಲಿರುತ್ತದೆ?

ಶಿಕಾರಿರಾಯರು ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಪ್ರೀತಿಯಿಂದ ದಯಪಾಲಿಸಿದ ಬಿರುದು. ಅವರು ಶಿಕಾರಿ ಮಾಡಿದ್ದು ಹಾಗಿರಲಿ, ಕಾಡನ್ನು ನೋಡಿದ್ದೇ ಕ್ಯಾಲೆಂಡರಿನಲ್ಲಿ. ಗೋಡೆಯ ಮೇಲೆ ಹಲ್ಲಿ ಕಂಡರೆ ಕುರ್ಚಿ ಹತ್ತಿ ನಿಂತು ಹೆಂಡತಿಯನ್ನು ಕೂಗುವ ಗಂಡೆದೆ! ಆದರೆ ಅಂಗಡಿ ನೋಡಬೇಕು. ಹಳೇ ಕಾಲದ ಸಾಹಸಿಗಳು ತೊಡುತ್ತಿದ್ದಂಥ ಸಫಾರಿ ಉಡುಪಿನದೇ ದರ್ಬಾರು. ಉಬ್ಬು ಜೇಬಿನ ಖಾಕಿ ಕೋಟು, ಬೆಂಡಿನ ಟೋಪಿ, ಮೊಣಕಾಲುದ್ದದ ಬೂಟು, ಚರ್ಮದ ಪಟ್ಟಿಯ ಕ್ಯಾನ್ವಾಸ್ ಚೀಲ, ದುರ್ಬೀನು. ಕತ್ತರಿಸುವುದು, ಹೊಲಿಯುವುದು ಹೆಂಡತಿ. ಹೊಲಿದದ್ದನ್ನು ಹಳತು ಮಾಡುವ ಇಲಾಖೆ ರಾಯರದು. ಟೀ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಉಪ್ಪುಕಾಗದದಲ್ಲಿ ಉಜ್ಜಿ, ಗುಂಡಿಗಳ ಹೊಳಪು ಇಳಿಸಿ ಕೊಡುತ್ತಿದ್ದರು. ಹೊಸದನ್ನು ಹಾಳು ಮಾಡುವ ವಿದ್ಯೆ ಅವರಿಗೆ ಹುಟ್ಟಿನಿಂದಲೇ ಬಂದದ್ದೆಂದು ಹೆಂಡತಿಯ ಅಭಿಪ್ರಾಯ.

ಅಂದು ಎದುರಿಗೆ ಕೂತಿದ್ದವರು ನಾಟಕ ಕಂಪನಿಯ ಯಜಮಾನರು. ಅವರ ಹೊಸ ನಾಟಕದಲ್ಲಿ ಒಬ್ಬ ದೊರೆ ಕಾಡಿಗೆ ಹೋಗಿ ಕಾಣೆಯಾಗುತ್ತಾನೆ. ಸತ್ತನೆಂದು ಎಲ್ಲರೂ ಕೈಬಿಟ್ಟ ಮೇಲೆ ಒಂದು ಸಂಜೆ ಮನೆಬಾಗಿಲಿಗೆ ಬಂದು ನಿಲ್ಲುತ್ತಾನೆ. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ನಿಲ್ಲುತ್ತಾನೆ. ಅವನು ಪಟ್ಟ ಪಾಡನ್ನೆಲ್ಲ ಕೋಟೇ ಹೇಳಬೇಕು.

"ಹೊಲಿಗೆ ಬಹಳ ಚೆನ್ನಾಗಿದೆ ರಾಯರೇ," ಎಂದರು ಯಜಮಾನರು. "ಆದ್ರೆ ಇದನ್ನ ಹಾಕ್ಕೊಂಡು ಬಂದ್ರೆ ಕಾಡಿಂದ ಬಂದ ಹಾಗಿಲ್ಲ, ಇಸ್ತ್ರಿ ಅಂಗಡಿಯಿಂದ ಬಂದ ಹಾಗಿದೆ. ನೋಡಿದವರಿಗೆ ಮೈ ಜುಂ ಅನ್ನಬೇಕು!"

ರಾಯರು ಕಣ್ಣು ಮುಚ್ಚಿ, ಕೈಯೆತ್ತಿ, ಪ್ರತ್ಯಕ್ಷ ಕಂಡವರ ಹಾಗೆ ಹೇಳತೊಡಗಿದರು. "ಕೋಟಿಗೆ ಮೂರು ಗಾಯ. ಎಡಭುಜದಲ್ಲಿ ಚಿರತೆ ಪರಚಿದ್ದು. ಬಲ ಮೊಣಕೈಯಲ್ಲಿ ಬಂಡೆಗೆ ಉಜ್ಜಿ ಹರಿದದ್ದು. ಕೆಳಗಿನ ಅಂಚಿನಲ್ಲಿ, ಚಳಿಗೆ ಬೆಂಕಿ ಕಾಯಿಸ್ತಾ ಕೂತಲ್ಲೇ ನಿದ್ದೆ ಹೋದಾಗ ಸುಟ್ಟದ್ದು. ದೊರೆ ಎತ್ತರದ ಆಳು. ನಡೆಯುವಾಗ ಬಲಗಾಲು ಸ್ವಲ್ಪ ಎಳೀತಾನೆ."

"ಆಹಾ! ಯಾರಿವನು, ನಿಮಗೆ ಗೊತ್ತಿದ್ದವನಾ?"

"ಈಗ ಹುಟ್ಟಿದ!" ಎಂದು ರಾಯರು ತಲೆ ತಟ್ಟಿ ತೋರಿಸಿದರು.

ಕೋಟು ಒಪ್ಪಿಗೆಯಾದರೆ ನಾಟಕದ ಉಡುಪೆಲ್ಲ ಇವರ ಅಂಗಡಿಯಲ್ಲೇ. ಆಗದಿದ್ದರೆ ಅಂಗಡಿಗೆ ಬೀಗ ಹಾಕುವುದೊಂದೇ ಉಳಿದಿತ್ತು, ಯಾಕೆಂದರೆ ಆ ಊರಿನಲ್ಲಿ ಸಾಹಸಕ್ಕೆ ಹೊರಡುವವರ ಸಂಖ್ಯೆ ದಿನೇ ದಿನೇ ಇಳಿಯುತ್ತಿತ್ತು. ಯಜಮಾನರು ಹೊರಟ ಮೇಲೆ ಹೆಂಡತಿ ಮಶೀನು ನಿಲ್ಲಿಸಿ ಕೇಳಿದಳು. "ಮೀಸೆ ವಿಷಯ ಯಾಕ್ರೀ ಎತ್ತೋಕೆ ಹೋದ್ರಿ? ಇರೋದೇ ಅದೊಂದು."

"ನೋಡ್ತಾ ಇರು!" ಎಂದರು ರಾಯರು. ಮನೆಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಮಹಡಿಯ ತುಂಬ ಬಟ್ಟೆಯ ಥಾನು, ಎಂದು ಹೆಂಡತಿ ಆಗಲೇ ಕಟ್ಟಪ್ಪಣೆ ಮಾಡಿದಳು. ಹಾಗಾಗಿ ಮೂರನೆಯ ಗಾಯವನ್ನು ರಾಯರು ಕೊನೆಗೆ ಇಟ್ಟುಕೊಂಡರು.

ಅಂಗಡಿಯ ಹಿಂದೆಯೇ ಮನೆ. ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಸಣ್ಣ ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ಗೋಡೆ. ನಡುಹಗಲಿನಲ್ಲೂ ಅಲ್ಲಿ ಬೆಳಕು ಬೂದುಬಣ್ಣಕ್ಕಿರುತ್ತಿತ್ತು. ನೀರಿನ ಕೊಳವೆ ಗೋಡೆಯೊಳಗೆ ಆಗಾಗ ಗುಟುಕ್ ಎನ್ನುತ್ತಿತ್ತು. ಆ ಕೋಣೆಯ ನಡುವೆ ತಲೆಯಿಲ್ಲದ ಮರದ ಬೊಂಬೆ. ರಾಯರು ಅದಕ್ಕೆ ಕೋಟು ತೊಡಿಸಿ, ಕುತ್ತಿಗೆಯ ಕೋಲಿನ ಮೇಲೆ ಟೋಪಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಟೋಪಿಯ ಕೆಳಗೆ ಮುಖವಿರಬೇಕಾದ ಜಾಗದಲ್ಲಿ ಏನೂ ಇಲ್ಲದ್ದು ಯಾಕೋ ಚೆನ್ನಾಗಿ ಕಾಣಲಿಲ್ಲ.

ಚಿರತೆಯ ಪಾತ್ರವನ್ನು ಊಟದ ಫೋರ್ಕು ವಹಿಸಿತು. ಎಡಭುಜದ ಮೇಲೆ ಪರ್ರನೆ ಎಳೆದರು. ಬಟ್ಟೆ ಹರಿದು ಬಾಯಿಬಿಟ್ಟಿತು. ತಮ್ಮ ಪರಾಕ್ರಮಕ್ಕೆ ತಾವೇ ಮೆಚ್ಚಿ ಅಂಗಡಿಗೆ ಇಳಿದರು.

ಸಂಜೆ ಹೋಗಿ ನೋಡುತ್ತಾರೆ, ಭುಜ ಹರಿದೇ ಇಲ್ಲ!

ಬಲಭುಜ ನೋಡಿದರು. ಅದೂ ಸರಿಯಾಗಿದೆ. ಬೆನ್ನು ನೋಡಿದರು. ಕೊನೆಗೆ ಫೋರ್ಕನ್ನು ನೋಡಿದರು. ಅದರ ಹಲ್ಲಿನಲ್ಲಿ ಖಾಕಿ ನೂಲಿನ ಎಳೆ ಸಿಕ್ಕಿಕೊಂಡಿತ್ತು, ಹಾಗಾದರೆ ಹರಿದದ್ದು ಕನಸಲ್ಲ.  ರಾಯರು ಧೈರ್ಯ ಮಾಡಿ ಅದೇ ಜಾಗದಲ್ಲಿ ಇನ್ನೂ ಆಳವಾಗಿ ಪರಚಿ, ಹಿಂದೆ ತಿರುಗಿ ನೋಡದೆ ಇಳಿದುಬಂದರು.

ಮಾರನೆಯ ದಿನ ಮಧ್ಯಾಹ್ನ ಮುಗಿಯುವ ಹೊತ್ತಿಗೆ ಹತ್ತಿ ನೋಡಿದರೆ ಮತ್ತೆ ಕೂಡಿಕೊಂಡಿದೆ. ಈ ಸಲ ಬೆರಳಾಡಿಸಿದಾಗ ಅಲ್ಲಿ ಸಣ್ಣಗೆ ಉಬ್ಬಿದ ಗೆರೆ ಸಿಕ್ಕಿತು. ಹರಿದ ಚರ್ಮ ಮಾಯ್ದು ಕಲೆ ಉಳಿದರೆ ಕೈಗೆ ಸಿಗುತ್ತದಲ್ಲ, ಹಾಗೆ. ರಾಯರು ಕೈ ಎಳೆದುಕೊಳ್ಳಲು ಹೋಗಿ ಕಾಲರನ್ನು ಮುಟ್ಟಿದರು. ಕಾಲರು ಬೆಚ್ಚಗಿತ್ತು. ಈಗಷ್ಟೇ ಯಾರೋ ತೊಟ್ಟು ಬಿಚ್ಚಿಟ್ಟ ಬಿಸಿ! ಕೋಟಿನಿಂದ ಮೆಲ್ಲಗೆ ಕರ್ಪೂರದಂಥ ವಾಸನೆ. ಮೂಲೆಯಲ್ಲಿರಬೇಕಾದ ಕುರ್ಚಿ ಬೊಂಬೆಯ ಪಕ್ಕಕ್ಕೆ ಬಂದು, ಅದರತ್ತಲೇ ಮುಖ ಮಾಡಿಕೊಂಡಿತ್ತು.

ಮೆಟ್ಟಿಲುಗಳನ್ನು ರಾಯರು ಇಳಿದರೋ ಉರುಳಿದರೋ ಹೇಳುವುದು ಕಷ್ಟ.

"ಲೇ, ಕೋಟಿನ ಗಾಯ ತಾನಾಗೇ ಮಾಯ್ತಾ ಇದೆ!"

"ನಿಮ್ಮ ಕೈಲಿ ಹರಿಯೋಕಾಗ್ಲಿಲ್ಲ ಅಂತ ಹೇಳಿ," ಎಂದಳು ಹೆಂಡತಿ, ದಾರ ಹಲ್ಲಿನಲ್ಲಿ ಕಡಿಯುತ್ತ.

"ಫೋರ್ಕಲ್ಲಿ ಹರಿದೆ ಮಾರಾಯ್ತಿ!"

"ಚಿರತೆ ಫೋರ್ಕು ಹಿಡ್ಕೊಂಡು ಬಂದಿತ್ತಾ? ಬನ್ನಿ, ನಾನು ತೋರಿಸ್ತೀನಿ ಹರಿಯೋದು ಹೇಗೆ ಅಂತ."

ಮೇಲೆ ಹೋದವಳೇ ಬಲ ಮೊಣಕೈಗೆ ಕತ್ತರಿಯ ತುದಿ ಹಾಕಿ ಕಿತ್ತು, ಇಡೀ ಅಂಗೈ ತೂರುವಷ್ಟು ತೂತು ಮಾಡಿದಳು. ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು. "ಒಳಗೆ ಯಾರಾದ್ರೂ ಇದ್ರೆ ಹೊರಗೆ ಹೇಗೆ ಬರ್ತಾರೋ ನೋಡೋಣ!"

ಮಾರನೆಯ ಮಧ್ಯಾಹ್ನ ರಾಯರು ಒಬ್ಬರೇ ಮೆಟ್ಟಿಲ ಬುಡಕ್ಕೆ ಬಂದು ನಿಂತರು. ಮೇಲಿನಿಂದ ದನಿ ಕೇಳಿಸಿತು. ಬಹಳ ಸಣ್ಣ ದನಿ, ಹೆಣ್ಣೋ ಗಂಡೋ ತಿಳಿಯದಷ್ಟು. "ಆಯ್ತು... ಆಯ್ತು... ಇನ್ನೊಂಚೂರು ತಡ್ಕೋ... ಇನ್ನು ನೋಯಲ್ಲ..."

ರಾಯರು ಕಾಲಿಗೆ ಬುದ್ಧಿ ಹೇಳಿದರು. ಅಂಗಡಿಗೆ ಓಡಿಹೋಗಿ, ಒಂದು ಲೋಟ ನೀರು ಕುಡಿದು, ಗಿರಾಕಿಯೊಬ್ಬರ ಅಳತೆ ಮುಗಿಯುವವರೆಗೆ ಕಾದು, ಹೆಂಡತಿಯನ್ನು ಕರೆದುಕೊಂಡೇ ಮತ್ತೆ ಹತ್ತಿದರು. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಬೊಂಬೆ ನಿಂತಿತ್ತು. ಮೊಣಕೈಯ ತೂತು ಮಂಗಮಾಯ!

ಹೆಂಡತಿಯ ಮುಖ ಬಿಳಿಚಿಕೊಂಡಿತು. ಮುಟ್ಟಲು ಚಾಚಿದ ಕೈ ಅರ್ಧದಲ್ಲೇ ನಿಂತಿತು. ರಾಯರಿಗೆ ಭಯದ ನಡುವೆಯೂ ಒಂದಿಷ್ಟು ಸಮಾಧಾನವಾಯಿತು. ಮದುವೆಯಾದಾಗಿನಿಂದ ಅವರ ಮಾತೊಂದು ನಿಜವಾದದ್ದು ಅದೇ ಮೊದಲು.

"ರೀ," ಎಂದಳು ಹೆಂಡತಿ ಪಿಸುದನಿಯಲ್ಲಿ, "ಆ ದೊರೆ ಸತ್ತನಾ, ಬದುಕಿದ್ದಾನಾ?"

"ಅವನೆಲ್ಲಿದ್ದಾನೆ! ಅವನು ಇಲ್ವೇ ಇಲ್ಲ. ನಾನು ಕಟ್ಟಿದ ಕತೆ!"

"ಅದು ಅವನಿಗೆ ಗೊತ್ತಾ?"

ಗೋಡೆಯೊಳಗೆ ಕೊಳವೆ ಗುಟುಕ್ ಎಂದಿತು. ಇಬ್ಬರೂ ಒಟ್ಟಿಗೇ ಬಾಗಿಲಿಗೆ ನುಗ್ಗಿ, ಭುಜಕ್ಕೆ ಭುಜ ಸಿಕ್ಕಿಕೊಂಡು, ಕಷ್ಟಪಟ್ಟು ಹೊರಬಿದ್ದರು.

"ಅಮ್ಮನಿಗೆ ಒಂದು ಮಾತೂ ಗೊತ್ತಾಗಬಾರದು," ಎಂದು ಹೆಂಡತಿ ಆಣೆ ಹಾಕಿಸಿಕೊಂಡಳು. ರಾಯರ ಅತ್ತೆ ಇವರೊಂದಿಗೇ ಇದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಚೇತರಿಸಿಕೊಳ್ಳುತ್ತಿದ್ದ ಮುದುಕಿ. ಮಗಳಿಗೆ ಹೊಲಿಗೆ ಕಲಿಸಿದ್ದೇ ಅವರು. ಈಗ ಮಗಳು ಅವರ ಕೈಗೆ ಸೂಜಿ ಹೋಗಲಿ, ಗುಂಡಿಯನ್ನೂ ಕೊಡುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೆಳಗಿನ ಕೋಣೆಯ ಬಾಗಿಲು ಮುಂದೆ ಮಾಡಿ ಮಲಗಿಸಿಯೇ ಅಂಗಡಿಗೆ ಹೋಗುತ್ತಿದ್ದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು. "ಯಾಕೆ ಅಳಿಯಂದಿರೇ, ಮುಖ ಸಪ್ಪಗಿದೆ?"

"ಕೋಟಿನ ಯೋಚನೆ ಅತ್ತೆ. ನಾಳೆ ಮಧ್ಯಾಹ್ನ ಯಜಮಾನರು ಬರ್ತಾರೆ."

"ಅಷ್ಟೇನಾ! ಕೋಟಿಗೇನೂ ಆಗಲ್ಲ ಬಿಡಿ," ಎಂದು ಅತ್ತೆ ನಕ್ಕರು.

ಮಾರನೆಯ ಬೆಳಗ್ಗೆ ರಾಯರು ಒಂದು ಮಹಾ ಪ್ರತಿಜ್ಞೆಯನ್ನೇ ಮಾಡಿದರು. ಭುಜ, ಮೊಣಕೈ ಎರಡನ್ನೂ ಮತ್ತೆ ಹರಿಯುವುದು. ಯಜಮಾನರು ಬರುವವರೆಗೆ ಕಾವಲು ಕೂರುವುದು. ಕಾವಲು ಎಂದರೆ ಎಂಥ ಕಾವಲು! ಬೊಂಬೆಯನ್ನು ಬಟ್ಟೆಯ ಥಾನುಗಳ ಹಿಂದೆ ಅಡಗಿಸಿ, ಅದರ ಕೋಟನ್ನು ತಾವೇ ತೊಟ್ಟು, ಅದರ ಜಾಗದಲ್ಲಿ ತಾವೇ ನಿಲ್ಲುವುದು. ಬಂದವನು ಯಾರೇ ಆಗಲಿ, ಕೈಯಿಟ್ಟ ತಕ್ಷಣ ಹಿಡಿದುಬಿಡುವುದು.

"ನೀವು ಹಿಡೀತೀರೋ, ಅವನು ನಿಮ್ಮನ್ನ ಹಿಡೀತಾನೋ?" ಎಂದಳು ಹೆಂಡತಿ.

"ಶಿಕಾರಿ ಅಂತ ಸುಮ್ಮನೆ ಕರೀತಾರಾ?"

"ಸುಮ್ಮನೇ ಕರೀತಾರೆ. ಅದೇ ನನಗೆ ಭಯ."

ಅವಳು ಅಂಗಡಿಯಲ್ಲಿದ್ದ ಸಾಹಸ ಸಾಮಗ್ರಿಯನ್ನೆಲ್ಲ ಗಂಡನ ಮೈಮೇಲೆ ಹೇರಿದಳು. ಸೊಂಟಕ್ಕೆ ಅಗಲವಾದ ಪಟ್ಟಿ, ಬೂಟು, ಕೊರಳಿಗೆ ದುರ್ಬೀನು, ಹೆದರಿಕೆಯಾದರೆ ಊದಲು ಒಂದು ಸೀಟಿ. ಕೆಟ್ಟ ದಿಕ್ಸೂಚಿಯನ್ನೂ ಜೇಬಿಗೆ ತುರುಕಿದಳು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ರಾಯರು ಕೋಣೆಯ ನಡುವೆ ಬೊಂಬೆಯಾದರು. ಹೊರಗಿನಿಂದ ಚಿಲಕ ಬಿತ್ತು.

ಒಬ್ಬರೇ ಆದ ಮೇಲೆ ಕೋಣೆ ದೊಡ್ಡದಾಯಿತು. ಕೆಳಗೆ ಮಶೀನಿನ ಸದ್ದು ಕೇಳುತ್ತಿತ್ತು, ಆದರೆ ಅದು ಬಹಳ ದೂರದ ಇನ್ಯಾರದೋ ಮನೆಯದು ಎನ್ನುವಂತಿತ್ತು. ಕೋಟು ಭಾರವೆನಿಸಿತು. ಬೆಳಗ್ಗೆ ತೊಟ್ಟಾಗ ಸರಿಯಾಗಿದ್ದ ತೋಳು ಈಗ ಬೆರಳು ಮುಚ್ಚುವಷ್ಟು ಉದ್ದವಿತ್ತು. ದೊರೆ ಎತ್ತರದ ಆಳು ಎಂದು ತಾವೇ ಹೇಳಿದ್ದು ನೆನಪಾಯಿತು. ಯಾಕಾದರೂ ಹೇಳಿದೆನೋ, ಕುಳ್ಳ ಎಂದಿದ್ದರೆ ಏನಾಗುತ್ತಿತ್ತು! ಜೇಬಿನೊಳಗೆ ದಿಕ್ಸೂಚಿಯ ಮುಳ್ಳು ತಾನಾಗಿಯೇ ಟಿಕ್ ಟಿಕ್ ಎಂದು ಸುತ್ತುವಂತೆ ಅನಿಸಿತು. ಮುಟ್ಟಿ ನೋಡಬೇಕೆಂದರೆ ಬೊಂಬೆಗಳು ಕೈ ಆಡಿಸುವುದಿಲ್ಲ. ಎಲ್ಲಿಂದಲೋ ಸಣ್ಣಗೆ ಸುಟ್ಟ ವಾಸನೆ ಬಂತು. ಕೆಳಗೆ ಹಾಲು ಸೀದಿರಬೇಕು ಎಂದುಕೊಂಡರು. ಮೊಣಕಾಲಿನ ಹತ್ತಿರ ಅಷ್ಟು ಬೆಚ್ಚಗಾಗುತ್ತಿರುವುದು ಮಾತ್ರ ಯಾಕೆಂದು ತಿಳಿಯಲಿಲ್ಲ.

ಆಗ ಮೆಟ್ಟಿಲ ಮೇಲೆ ಹೆಜ್ಜೆ. ಒಂದು ಹೆಜ್ಜೆ, ಆಮೇಲೆ ಎಳೆದ ಸದ್ದು. ಮತ್ತೊಂದು ಹೆಜ್ಜೆ, ಮತ್ತೆ ಎಳೆದ ಸದ್ದು.

ಬಲಗಾಲು ಎಳೀತಾನೆ!

ಚಿಲಕ ಸರಿಯಿತು. ರಾಯರು ಕಣ್ಣು ಬಿಗಿಯಾಗಿ ಮುಚ್ಚಿದರು. ಸೀಟಿ ಊದಬೇಕೆಂದರೆ ಬಾಯಲ್ಲಿ ಉಸಿರಿಲ್ಲ. ಕರ್ಪೂರದ ವಾಸನೆ ಹತ್ತಿರ ಬಂತು. ಕುರ್ಚಿ ನೆಲದ ಮೇಲೆ ಕಿರ್ರೆಂದಿತು. ತಣ್ಣಗಿನ ಬೆರಳುಗಳು ಎಡಭುಜವನ್ನು ಮುಟ್ಟಿ, ಗಾಯವನ್ನು ತಡವಿ, ಅಂಚಿಗೆ ಅಂಚು ಕೂಡಿಸಿದವು.

"ಅಯ್ಯೋ ಕಂದಾ, ಮತ್ತೆ ಹರಿದುಹೋದ್ಯಾ?" ಎಂದಿತು ಕಿವಿಯ ಪಕ್ಕದಲ್ಲೇ ಆ ಸಣ್ಣ ದನಿ. "ಅಲ್ಲಾಡಬೇಡ. ಅಲ್ಲಾಡಿದ್ರೆ ಚುಚ್ಚುತ್ತೆ."

ರಾಯರು ಅಲ್ಲಾಡಲಿಲ್ಲ. ಅಲ್ಲಾಡುವ ಶಕ್ತಿ ಎಲ್ಲಿತ್ತು! ಭುಜ ಮುಗಿದು ಬೆರಳುಗಳು ಮೊಣಕೈಗೆ ಇಳಿದವು. ಅಲ್ಲಿಯವರೆಗೆ ಜೀವವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದವರು, ಮೊಣಕೈಗೆ ಸೂಜಿ ನಾಟಿದಾಗ ಬಾಯಿಬಿಟ್ಟರು. ಆ ಕೂಗು ಮೂರು ಬೀದಿಯಾಚೆಗೂ ಕೇಳಿಸಿತೆಂದು ನಂಬಿಕಸ್ಥರು ಹೇಳುತ್ತಾರೆ. ಬೊಂಬೆ ಕೂಗಿದ್ದು ಕೇಳಿ ಸೂಜಿ ಹಿಡಿದವರು ಅದಕ್ಕಿಂತ ಜೋರಾಗಿ ಕೂಗಿದರು. ಕುರ್ಚಿ ಉರುಳಿತು. ಟೋಪಿ ಹಾರಿತು.

"ಅತ್ತೇ!"

"ಅಳಿಯಂದಿರೇ!"

ಹೆಂಡತಿ ಓಡಿಬಂದಳು. ಅವಳ ಹಿಂದೆಯೇ, ಅದೇ ತಾನೇ ಅಂಗಡಿಗೆ ಕಾಲಿಟ್ಟಿದ್ದ ನಾಟಕದ ಯಜಮಾನರು. ಒಳಗೆ ನೋಡಿದರೆ ಹೊಸ ಕನ್ನಡಕ ಮೂಗಿನ ತುದಿಗೆ ಜಾರಿ, ಕೈಯಲ್ಲಿ ಸೂಜಿ ಹಿಡಿದು ನಿಂತಿರುವ ಅತ್ತೆ. ಅವರ ಮೊಣಕಾಲು ನೋವಿನ ಕರ್ಪೂರದೆಣ್ಣೆಯ ಘಮ. ಕೋಟು ಬಿಚ್ಚಲು ಹೆಣಗಾಡುತ್ತ ಒದ್ದಾಡುವ ರಾಯರು. ಬಿಚ್ಚುವುದೆಲ್ಲಿ ಬಂತು? ಅತ್ತೆ ಕೋಟನ್ನು ಒಳಗಿನ ಅಂಗಿಗೂ ಸೇರಿಸಿ ಭದ್ರವಾಗಿ ಹೊಲಿದುಬಿಟ್ಟಿದ್ದರು!

"ಏನಮ್ಮಾ ಇದು?" ಎಂದಳು ಮಗಳು.

"ನನ್ನ ಕಣ್ಣು ಬಂತೋ ಇಲ್ವೋ ಅಂತ ನಾನು ನೋಡ್ಕೋಬೇಕಾಗಿತ್ತು," ಎಂದರು ಅತ್ತೆ ಸಿಟ್ಟಿನಿಂದ. "ಕೈಗೆ ಏನೂ ಕೊಡದೆ ಮಲಗು ಮಲಗು ಅಂತೀಯ. ಎಷ್ಟು ಅಂತ ಮಲಗಲಿ? ಸೆರಗಲ್ಲಿ ಒಂದು ಸೂಜಿ ಮುಚ್ಚಿಟ್ಟಿದ್ದೆ. ಇಲ್ಲಿ ಬಂದು ನೋಡಿದ್ರೆ ದಿನಾ ಈ ಕೋಟು ಹರಿದಿರುತ್ತೆ. ಇಲಿಯ ಕೆಲಸ ಅಂದ್ಕೊಂಡೆ. ಅಂಗಡಿಯೇ ಈ ಕೋಟಿನ ಮೇಲೆ ನಿಂತಿದೆ ಅಂತ ನೀವಿಬ್ರೂ ಮಾತಾಡ್ಕೊಳ್ತಿದ್ರಿ. ಹೇಳಿದ್ರೆ ನೀವು ಗಾಬರಿ ಆಗ್ತೀರಿ ಅಂತ ಕುರ್ಚಿ ಎಳ್ಕೊಂಡು ಬೊಂಬೆ ಪಕ್ಕದಲ್ಲೇ ಕೂತು ಹೊಲಿದೆ. ಚಳಿಯಾದಾಗ ತೊಟ್ಕೊಂಡೂ ಕೂತೆ. ತಪ್ಪಾ?"

"ಚಿಲಕ ಹಾಕಿದ್ವಲ್ಲ ಅತ್ತೆ?" ಎಂದರು ರಾಯರು.

"ಹೊರಗಿನಿಂದ ತಾನೇ ಹಾಕಿದ್ದು? ನಾನೂ ಹೊರಗಿನಿಂದಲೇ ತೆಗೆದೆ. ಹೋಗುವಾಗ ಮತ್ತೆ ಹಾಕಿದೆ."

ಮಗಳು ಕೋಟಿನ ಅಂಚು ತಿರುಗಿಸಿ ಒಳಮಗ್ಗುಲು ನೋಡಿದಳು. ಕೋಟಿನ ಮಡಿಕೆಯಿಂದಲೇ ಬಿಡಿಸಿದ ಎಳೆಗಳು, ಅಡ್ಡ ಉದ್ದ, ಒಂದೊಂದೂ ತನ್ನ ಜಾಗದಲ್ಲಿ. ಚಿಕ್ಕಂದಿನಲ್ಲಿ ತನ್ನ ಲಂಗಗಳ ಮೇಲೆಲ್ಲ ಕಂಡಿದ್ದ ಅದೇ ಕೈ. ಒಂದು ಸಲ ತಿರುಗಿಸಿ ನೋಡಿದ್ದರೆ ಆ ಕ್ಷಣವೇ ತಿಳಿಯುತ್ತಿತ್ತು. ಅವಳಿಗೆ ಅಳು ಬಂತು. ತಾಯಿಯ ಕೈ ಹಿಡಿದುಕೊಂಡು, "ನಾಳೆಯಿಂದ ಅಂಗಡಿಗೆ ಬಾಮ್ಮ," ಎಂದಳು.

ಇತ್ತ ಯಜಮಾನರು ರಾಯರ ಸುತ್ತ ಸುತ್ತುತ್ತಿದ್ದರು. ಭುಜ ಮುಟ್ಟಿದರು, ಮೊಣಕೈ ತಡವಿದರು. "ಬರೀ ಹರಿದಿದ್ರೆ ಹರಿದ ಕೋಟು ಅಷ್ಟೇ ಆಗ್ತಿತ್ತು. ಹರಿದು, ಹೊಲಿದು, ಮತ್ತೆ ಹರಿದು, ಮತ್ತೆ ಹೊಲಿದು... ಇದು ಬದುಕಿ ಬಂದವನ ಕೋಟು ರಾಯರೇ! ಅದಕ್ಕಿಂತ ಹೆಚ್ಚಾಗಿ," ಎನ್ನುತ್ತ ಬಗ್ಗಿ ಕೋಟಿನ ಕೆಳಗಿನ ಅಂಚನ್ನು ಬೆಳಕಿಗೆ ಹಿಡಿದರು. "ಈ ಸುಟ್ಟ ಕಲೆ! ಇದನ್ನ ನೋಡಿದ ಕೂಡಲೇ ನನಗೆ ಮೈ ಜುಂ ಅಂತು. ಒಪ್ಪಿದೆ! ನಾಟಕದ ಬಟ್ಟೆಯೆಲ್ಲ ನಿಮ್ಮದೇ!"

ಅತ್ತೆ ಹೊಲಿಗೆ ಬಿಚ್ಚಿ ಅಳಿಯನನ್ನು ಕೋಟಿನಿಂದ ಬಿಡಿಸಿದರು. ಯಜಮಾನರು ಅದನ್ನು ತೋಳಿನ ಮೇಲೆ ಹಾಕಿಕೊಂಡು ಸಂತೋಷವಾಗಿ ಹೊರಟರು. ಅವರ ಹೆಜ್ಜೆ ಸದ್ದು ಬೀದಿಯಲ್ಲಿ ಅಡಗಿತು.

"ಯಾವಾಗ್ರೀ ಸುಟ್ಟಿದ್ದು?" ಎಂದಳು ಹೆಂಡತಿ.

"ನಾನಾ? ನೀನಲ್ವಾ?"

"ಬೆಂಕಿ ಬೇಡ ಅಂದೋಳೇ ನಾನು."

"ಮತ್ತೆ ಹಾಲು ಸೀದ ವಾಸನೆ ಬಂತಲ್ಲ?"

"ಇವತ್ತು ಹಾಲೇ ಕಾಯಿಸಿಲ್ಲ."

ಇಬ್ಬರೂ ಅತ್ತೆಯ ಕಡೆ ತಿರುಗಿದರು. "ನಾನು ಹೊಲಿಯೋಳು ಕಣಪ್ಪ, ಸುಡೋಳಲ್ಲ," ಎಂದರು ಅವರು. ಗೋಡೆಯೊಳಗೆ ಕೊಳವೆ ಗುಟುಕ್ ಎಂದಿತು. ರಾಯರು ಮೆಲ್ಲಗೆ ಪ್ಯಾಂಟಿನ ಮೊಣಕಾಲು ಮುಟ್ಟಿ ನೋಡಿಕೊಂಡರು. ಅಲ್ಲಿನ್ನೂ ಬೆಚ್ಚಗಿತ್ತು.

ಅತ್ತೆ ಕನ್ನಡಕ ಮೇಲಕ್ಕೆ ತಳ್ಳಿದರು. ಅವರು ಯಾವುದನ್ನೂ ಅರ್ಧಕ್ಕೆ ಬಿಡುವ ಹೆಂಗಸಲ್ಲ. "ಹಾಗಾದ್ರೆ ಕೋಟು ಹೊಲಿದದ್ದು ನನ್ನ ಮಗಳು. ಕಲೆ ಬರೋ ಹಾಗೆ ಮಾಡಿದ್ದು ನಾನು. ಸುಟ್ಟಿದ್ದು... ಯಾರೋ, ಪಾಪ, ಕೋಟಿನ ದೊರೆಗಳೇ ಬಂದು ಮುಗಿಸಿಕೊಟ್ಟು ಹೋಗಿದ್ದಾರೆ. ಇದ್ರಲ್ಲಿ ನೀವು ಹಳೇದು ಮಾಡಿದ್ದು ಏನು ಅಳಿಯಂದಿರೇ?"

ರಾಯರ ಕೈ ತಾನಾಗಿಯೇ ಮೀಸೆಯನ್ನು ಮುಚ್ಚಿತು.

"ಹೋಗ್ಲಿ ಬಿಡಿ. ಮಾತು ಕೊಟ್ಟ ಮೇಲೆ ಕೊಟ್ಟಿದ್ದೇ. ಕುರ್ಚಿ ಎತ್ತಿಟ್ಟು ಕೂತ್ಕೊಳ್ಳಿ, ನನಗೀಗ ಕಣ್ಣು ಚೆನ್ನಾಗಿ ಕಾಣುತ್ತೆ," ಎನ್ನುತ್ತ ಅತ್ತೆ ಕತ್ತರಿಯನ್ನು ಮೂಗಿನ ಕೆಳಗೆ ತಂದರು. ತಣ್ಣಗಿನ ಬೆರಳುಗಳು ರಾಯರ ಗಲ್ಲ ಹಿಡಿದವು.

"ಅಲ್ಲಾಡಬೇಡಿ. ಅಲ್ಲಾಡಿದ್ರೆ ಚುಚ್ಚುತ್ತೆ."